ಸೊವೆಟೋ ಹುಡುಗರ ಘೋಷಣೆಗಳು ಎಲ್ಲಿಂದ ಬಂದವು?

ದಕ್ಷಿಣ ಆಫ್ರಿಕಾದ ಕಪ್ಪು ಜನರ ಹೋರಾಟದ ಸಭೆಗಳಲ್ಲಿ ಒಬ್ಬರು ಮುಷ್ಟಿ ಎತ್ತಿ ‘ಅಮಾಂಡ್ಲ!’ ಎಂದರೆ ಗುಂಪು ‘ಅವೇತು!’ ಎನ್ನಬೇಕು. ಅಧಿಕಾರ ಯಾರದು? ನಮ್ಮದು. ನಮ್ಮ ‘ಇಂಕ್ವಿಲಾಬ್’ಗೆ ‘ಜಿಂದಾಬಾದ್’ ಇದ್ದ ಹಾಗೆ, ಅರ್ಧ ಮಾತು ಜನರ ಬಾಯಲ್ಲೇ ಮುಗಿಯುತ್ತದೆ. ಜುಲು, ಖೋಸಾ ಭಾಷೆಗಳಲ್ಲಿ ‘ನಮ್ಮದು’ ಎಂಬ ಪದ ನಾಮಪದದ ಜೊತೆ ರೂಪ ಬದಲಿಸುತ್ತದೆ: ‘ಅಮಾಂಡ್ಲ’ಕ್ಕೆ ‘ಅವೇತು’, ನೆಲ ಎಂಬರ್ಥದ ‘ಇಝ್ವೆ’ಗೆ ‘ಲೇತು’. ‘ಇಝ್ವೆ ಲೇತು’ ಎಂದು ಅಂಗೈ ಬಿಚ್ಚಿ ತೋರಿಸುವವರು ಪಿಎಸಿ (ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್) ಪಕ್ಷದವರು. ಕೂಗು ಕೇಳಿದರೆ ಸಾಕು, ಸಭೆ ಯಾರದೆಂದು ತಿಳಿಯುತ್ತಿತ್ತು.

ದಕ್ಷಿಣ ಆಫ್ರಿಕಾದ ಟೌನ್‌ಶಿಪ್ ಎಂದರೆ ನಮ್ಮ ಕಾರ್ಖಾನೆ ಕ್ವಾರ್ಟರ್ಸ್ ಅಲ್ಲ. ಕಪ್ಪು ಜನರನ್ನು ಬಿಳಿಯರ ಊರಿನಿಂದ ದೂರವಿಡಲು ಕಟ್ಟಿದ ಬಡಾವಣೆ. ಸೊವೆಟೋ ಅಂಥದ್ದೊಂದು. 1955ರ ಫೆಬ್ರವರಿಯಲ್ಲಿ ಜೋಹಾನ್ಸ್‌ಬರ್ಗ್‌ನ ಸೋಫಿಯಾಟೌನ್‌ನಿಂದ ಅವರನ್ನು ಹಾಗೆ ಎತ್ತಂಗಡಿ ಮಾಡಿದಾಗ ಗೋಡೆಗಳ ಮೇಲಿದ್ದ ಬರಹ: ‘ಓನ್ಸ್ ಡಾಕ್ ನಿ, ಓನ್ಸ್ ಪೋಲಾ ಹಿಯರ್’. ‘ನಾವು ಕದಲಲ್ಲ, ಇಲ್ಲೇ ಇರ್ತೀವಿ.’ ಇದು ಬೀದಿ ಹುಡುಗರ ಬೆರಕೆ ಭಾಷೆ, ತ್ಸೊತ್ಸಿತಾಲ್. ಅದರ ಎಲುಬು ಆಳುವ ಬಿಳಿಯರದೇ ಭಾಷೆಯಾದ ಆಫ್ರಿಕಾನ್ಸ್. 1957ರಲ್ಲಿ ಬಸ್ ದರ 4 ಪೆನ್ನಿಯಿಂದ 5ಕ್ಕೆ ಏರಿದಾಗ ಅಲೆಕ್ಸಾಂಡ್ರಾ ಟೌನ್‌ಶಿಪ್‌ನವರಿಗೆ ಒಂದೇ ಪದ ಸಾಕಾಯಿತು: ‘ಅಝಿಕ್ವೇಲ್ವಾ’, ಹತ್ತೋದಿಲ್ಲ. ತಿಂಗಳುಗಟ್ಟಲೆ ನಡೆದೇ ಹೋದರು. ದರ 4 ಪೆನ್ನಿಗೆ ಇಳಿಯಿತು.

ಆಫ್ರಿಕಾನ್ಸ್ ಹುಡುಗರ ವೈರಿಯಾದದ್ದು ಶಾಲೆಯಲ್ಲಿ. 1974ರ ಆದೇಶದಂತೆ ಗಣಿತ, ಸಮಾಜ ವಿಷಯಗಳು ಆಫ್ರಿಕಾನ್ಸ್‌ನಲ್ಲಿ, ವಿಜ್ಞಾನ ಇಂಗ್ಲಿಷಿನಲ್ಲಿ. ಎಷ್ಟೋ ಮೇಷ್ಟ್ರುಗಳಿಗೇ ಆಫ್ರಿಕಾನ್ಸ್ ಸರಿಯಾಗಿ ಬರುತ್ತಿರಲಿಲ್ಲ. ಮಕ್ಕಳು ಲೆಕ್ಕ ಬಿಡಿಸುವ ಮೊದಲು ಲೆಕ್ಕದ ವಾಕ್ಯವನ್ನೇ ಬಿಡಿಸಬೇಕಿತ್ತು. 1976ರ ಜೂನ್ 16ರಂದು ಸೊವೆಟೋದಲ್ಲಿ ಅವರು ಹಿಡಿದ ರಟ್ಟಿನ ಫಲಕಗಳಲ್ಲೊಂದು, ನಾವು ಆಫ್ರಿಕಾನ್ಸ್ ಕಲಿಯಬೇಕಾದರೆ ಪ್ರಧಾನಿ ಫೋರ್ಸ್ಟರ್ ಜುಲು ಕಲಿಯಲಿ ಎಂದಿತು. ಫಲಕಗಳ ಭಾಷೆ ಹೆಚ್ಚಾಗಿ ಇಂಗ್ಲಿಷ್. ಜುಲು, ಸೋತೋ, ತ್ಸ್ವಾನಾ ಮನೆಗಳ ಮಕ್ಕಳು ಒಟ್ಟಿಗೆ ನಡೆದಿದ್ದರು. ಪತ್ರಿಕೆಯ ಫೋಟೋದಲ್ಲೂ ಅದು ಓದಲು ಬರಬೇಕಿತ್ತು. ಪೊಲೀಸರು ಉತ್ತರಿಸಿದ್ದು ಗುಂಡಿನಿಂದ. ಸತ್ತವರಲ್ಲಿ 12 ವರ್ಷದ ಹೆಕ್ಟರ್ ಪೀಟರ್ಸನ್ ಒಬ್ಬ.

1975ರಲ್ಲಿ ಸ್ವತಂತ್ರವಾದ ಮೊಜಾಂಬಿಕ್‌ನಿಂದ ‘ವಿವಾ’, ‘ಅ ಲೂತಾ ಕೊಂತಿನುವಾ’ ಬಂದವು. ಪೋರ್ಚುಗೀಸ್ ಗೊತ್ತಿಲ್ಲದವರೂ, ಹೋರಾಟ ಮುಂದುವರಿಯುತ್ತದೆ ಎಂಬ ಅದರ ಅರ್ಥ ಬಲ್ಲರು. ಜುಲು, ಖೋಸಾಗಳ ‘ಫಂಬಿಲಿ’ ಎಂದರೆ ಮುಂದಕ್ಕೆ, ‘ಫಾನ್ಸಿ’ ಎಂದರೆ ಕೆಳಕ್ಕೆ. ಮುಂದೆ ಯಾರ ಹೆಸರು ಸೇರಿಸಿದರೂ ಘೋಷಣೆ ಸಿದ್ಧ.

ಈ ಸಲೀಸೇ ಅಪಾಯವೂ ಆಯಿತು. 1985ರ ಸುಮಾರಿಗೆ ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿದಾಗ, ಕಾವಲು ನಿಂತ ಕೆಲವರು ಸಾಮಾನು ತಂದ ಹೆಂಗಸರಿಗೆ ಸೋಪಿನ ಪುಡಿ ತಿನ್ನಿಸಿದರು. ಹೋರಾಟದ ಹೆಸರಿನಲ್ಲಿ ದೋಚುವವರಿಗೆ ಟೌನ್‌ಶಿಪ್ಪೇ ಹೆಸರಿಟ್ಟಿತು: ‘ಕಾಮ್‌ತ್ಸೊತ್ಸಿ’, ಅರ್ಧ ಕಾಮ್ರೇಡ್, ಅರ್ಧ ಪುಂಡ. ‘ಮೊದಲು ಬಿಡುಗಡೆ, ಆಮೇಲೆ ಓದು’ ಎಂಬ ಕೂಗು ಶಾಲೆಗಳನ್ನು ಬರಿದು ಮಾಡಿ, ಓದೇ ಇಲ್ಲದ ಒಂದು ತಲೆಮಾರು ಬೆಳೆಯತೊಡಗಿದಾಗ ಹೆದರಿದವರು ಹೆತ್ತವರು. ಅವರು 1985ರ ಡಿಸೆಂಬರ್‌ನಲ್ಲಿ ವಿಟ್ಸ್ ವಿಶ್ವವಿದ್ಯಾಲಯದಲ್ಲಿ ಸಮಾವೇಶ ಕರೆದು, ಮಕ್ಕಳು ತರಗತಿಗೆ ಮರಳಲೆಂದು ಕೇಳಿಕೊಂಡರು. ಹುಡುಗರ ಕೂಗಿನ ಜಾಗಕ್ಕೆ ಅಲ್ಲಿಂದ ಬಂದದ್ದು: ‘ಜನರ ಅಧಿಕಾರಕ್ಕೆ ಜನರ ಶಿಕ್ಷಣ’.