ಮರಕ್ಕೆ ನಂಬರ್ ಬಿದ್ದಿದೆ, ಊರಿನ ನಾಲ್ಕು ಜನ ತಡೆಯೋಕೆ ಆಗುತ್ತಾ?

ಪ್ರಶ್ನೆ: ನಮ್ಮದು ಸಕಲೇಶಪುರ ಕಡೆಯ ಹಳ್ಳಿ. ಊರ ಮೇಲಿನ ಹಳೇ ಕಾಡಿನಲ್ಲಿ ಯಾರೋ ಮರದ ತೊಗಟೆ ಕೆತ್ತಿ ನಂಬರ್ ಬರೆದು ಹೋಗಿದ್ದಾರೆ. ಕಡಿಯೋಕೆ ಅಂತ ಮಾತು. ನಾಲ್ಕೈದು ಮನೆಯವರು ಸೇರಿ ಇದನ್ನು ನಿಲ್ಲಿಸೋಕೆ ಆಗುತ್ತಾ? ಮೊದಲು ಎಲ್ಲಿಗೆ ಹೋಗಬೇಕು?

ಉತ್ತರ: ಆಗುತ್ತದೆ. ಆದರೆ ಗರಗಸ ಕಾಡಿಗೆ ಬರುವ ಮುಂಚೆ ನಿಮ್ಮ ಅರ್ಜಿ ಕಚೇರಿಗೆ ಹೋಗಿರಬೇಕು. ಮರ ಬಿದ್ದ ಮೇಲೆ ಕೇಸ್ ಆಗಬಹುದು, ದಂಡ ಬೀಳಬಹುದು, ಮರ ವಾಪಸ್ ಬರುವುದಿಲ್ಲ. 2023ರ ಕೊನೆಯಲ್ಲಿ ಬೇಲೂರು ತಾಲ್ಲೂಕಿನಲ್ಲಿ ನೂರಕ್ಕೂ ಜಾಸ್ತಿ ಮರ ಕಡಿದದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಆದರೆ ಅಷ್ಟು ಹೊತ್ತಿಗೆ ಮರಗಳು ನೆಲದ ಮೇಲಿದ್ದವು.

ಮೊದಲು ಆ ಜಾಗದ ಸರ್ವೆ ನಂಬರ್ ಪತ್ತೆ ಮಾಡಿ ಪಹಣಿ ತೆಗೆಸಿ. ನಮ್ಮ ಕಡೆ ಮೀಸಲು ಅರಣ್ಯ, ಸೆಕ್ಷನ್ 4 (ಮೀಸಲು ಅರಣ್ಯ ಮಾಡುತ್ತೇವೆ ಅನ್ನುವ ಮೊದಲ ಅಧಿಸೂಚನೆ) ಆಗಿ ಅಲ್ಲಿಗೇ ನಿಂತ ಜಾಗ, ಗೋಮಾಳ, ದೇವರಕಾಡು, ಖಾಸಗಿ ಹಿಡುವಳಿ ಎಲ್ಲ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಯಾವುದು ಅಂತ ಗೊತ್ತಾಗದೆ ದೂರು ಕೊಟ್ಟರೆ ಕಂದಾಯದವರು ಅರಣ್ಯದವರನ್ನು ತೋರಿಸುತ್ತಾರೆ, ಅರಣ್ಯದವರು ಕಂದಾಯದವರನ್ನು ತೋರಿಸುತ್ತಾರೆ. ಅಷ್ಟರಲ್ಲಿ ಲಾರಿ ಹೋಗಿರುತ್ತದೆ.

ಪಹಣಿಯಲ್ಲಿ ಅರಣ್ಯ ಅಂತ ಇಲ್ಲದಿದ್ದರೂ ಕೈ ಚೆಲ್ಲಬೇಡಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಜನ ಯಾವುದನ್ನು ಕಾಡು ಅನ್ನುತ್ತಾರೋ ಅದೂ ಅರಣ್ಯವೇ, ದಾಖಲೆಯಲ್ಲಿ ಅರಣ್ಯ ಅಂತ ಬರೆದಿರುವುದೂ ಅರಣ್ಯವೇ, ಒಡೆತನ ಯಾರದ್ದೇ ಇರಲಿ. ‘ಡೀಮ್ಡ್ ಫಾರೆಸ್ಟ್’, ಅಂದರೆ ಅಧಿಸೂಚನೆ ಆಗದಿದ್ದರೂ ಅರಣ್ಯ ಅಂತಲೇ ಪರಿಗಣಿಸುವ ಜಾಗ, ಅನ್ನೋದು ಹುಟ್ಟಿದ್ದೇ ಇಲ್ಲಿಂದ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ ಈ ವ್ಯಾಪ್ತಿಯನ್ನು ಕಿರಿದು ಮಾಡಿತು. 2024ರ ಫೆಬ್ರವರಿಯಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಿ ಅಂದಿತು. ನಿಮ್ಮ ಅರ್ಜಿಯಲ್ಲಿ ಈ ಆದೇಶಗಳನ್ನು ಹೆಸರು ಹೇಳಿ ಬರೆಯಿರಿ. ಓದುವ ಅಧಿಕಾರಿಗೆ ಅದರ ತೂಕ ಗೊತ್ತಿರುತ್ತದೆ.

ಆಮೇಲೆ ವಲಯ ಅರಣ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿ: ನಂಬರ್ ಹಾಕಿದವರು ಯಾರು, ಯಾವ ಆದೇಶದ ಮೇಲೆ, ಎಷ್ಟು ಮರ, ಯಾವ ಜಾತಿ? ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಅದೇ ದಿನ ಒಂದು ಪ್ರತಿ ಡಿಸಿಎಫ್‌ಗೆ (ಉಪ ಅರಣ್ಯ ಸಂರಕ್ಷಣಾಧಿಕಾರಿ), ಒಂದು ತಹಶೀಲ್ದಾರರಿಗೆ ಕೊಡಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಅದಕ್ಕೆ ಉತ್ತರ ಕೊಡಲು 30 ದಿನ ಇರುತ್ತದೆ, ಅದನ್ನೇ ನಂಬಿ ಕೂರಬೇಡಿ.

ಈ ಮಧ್ಯೆ ಕಾಡಿನ ಲೆಕ್ಕ ನೀವೇ ಇಡಬೇಕು. ಹಗಲು ಹೊತ್ತಿನಲ್ಲಿ, ಮೂರ್ನಾಲ್ಕು ಜನ ಜೊತೆಯಾಗಿ, ಒಳಗೆ ಹೋಗಲು ಅನುಮತಿ ಇರುವ ಕಡೆ ಮಾತ್ರ ಹೋಗಿ. ನಂಬರ್ ಬಿದ್ದ ಪ್ರತಿ ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ಟೇಪ್ ಹಿಡಿದು ಅಳೆಯಿರಿ. ನಂಬರ್ ಮತ್ತು ಟೇಪ್ ಎರಡೂ ಕಾಣುವಂತೆ ಫೋಟೊ ತೆಗೆಯಿರಿ, ಮೊಬೈಲ್‌ನಲ್ಲಿ ಲೊಕೇಶನ್ ಆನ್ ಇರಲಿ. ಹೊನ್ನೆ, ಬೀಟೆ, ಹೆಬ್ಬಲಸು, ಧೂಪ ಅಂತ ಜಾತಿ ಬರೆದುಕೊಳ್ಳಿ. ಇದಕ್ಕೆ ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ, ತೊಗಟೆ ನೋಡಿಯೇ ಹೇಳುತ್ತಾರೆ. ಈಗಾಗಲೇ ಕಡಿದ ಬುಡ ಕಂಡರೆ ಇನ್ನೂ ಹತ್ತಿರದಿಂದ ನೋಡಿ. ಹೊನ್ನೆಯ ಗಾಯದಿಂದ ರಕ್ತದಂಥ ಕೆಂಪು ರಸ ಒಸರುತ್ತದೆ, ಒಣಗಿದರೆ ಗಟ್ಟಿಯಾಗಿ ಕಪ್ಪಗಾಗುತ್ತದೆ. ಅದು ಹಸಿಯಾಗಿರುವಾಗಲೇ ತೆಗೆದ ಫೋಟೊ ಇದ್ದರೆ ‘ಅದು ಹಳೇ ಮರ, ಯಾವಾಗಲೋ ಬಿದ್ದಿದ್ದು’ ಅನ್ನುವ ಮಾತು ನಡೆಯುವುದಿಲ್ಲ. ದಿಮ್ಮಿಗಳ ಮೇಲೆ ಇಲಾಖೆಯ ಮುದ್ರೆ ಇದೆಯಾ ನೋಡಿ. ಲಾರಿ ಅಡ್ಡಗಟ್ಟಬೇಡಿ, ಕೂಲಿಗೆ ಬಂದವರ ಜೊತೆ ಜಗಳವೂ ಬೇಡ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಎಲ್ಲ ಕಡಿತವನ್ನೂ ವಿರೋಧಿಸಬೇಕಾಗಿಲ್ಲ. ಬೆಳೆಗಾರರು ತಾವೇ ನೆಟ್ಟ ಸಿಲ್ವರ್ ಓಕ್ ಕಡಿದರೆ ಅದು ಅವರ ಬೆಳೆ. ಇಲಾಖೆಯ ಅಕೇಶಿಯಾ ನೆಡುತೋಪಿನ ವಿಷಯವೂ ಬೇರೆ. ಹಳೇ ಕಾಡನ್ನೂ ಅದನ್ನೂ ಒಂದೇ ಮಾಡಿ ಕೂಗಿದರೆ ನಿಮ್ಮ ಜೊತೆ ನಿಲ್ಲಬೇಕಾದ ಬೆಳೆಗಾರರೇ ದೂರ ಹೋಗುತ್ತಾರೆ.

‘ಒಂದಕ್ಕೆ ಹತ್ತು ಸಸಿ ನೆಡ್ತೀವಲ್ಲ’ ಅನ್ನುವ ಸಮಾಧಾನ ಖಂಡಿತ ಬರುತ್ತದೆ. ಮಂಗಟ್ಟೆ ಹಕ್ಕಿಯನ್ನು ತೋರಿಸಿ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಕೂತು, ಕಿರಿದಾದ ಸೀಳೊಂದನ್ನು ಬಿಟ್ಟು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನಲ್ಲೇ ಹಣ್ಣು ಕೊಡುತ್ತದೆ. ಅಷ್ಟು ದೊಡ್ಡ ಪೊಟರೆ ಆಗಬೇಕಾದರೆ ಮರಕ್ಕೆ ತುಂಬಾ ವಯಸ್ಸಾಗಿರಬೇಕು. ಹತ್ತಲ್ಲ, ಸಾವಿರ ಸಸಿ ನೆಟ್ಟರೂ ನಮ್ಮ ಕಾಲದಲ್ಲಿ ಅದಕ್ಕೆ ಮನೆ ಆಗುವುದಿಲ್ಲ.

ಜನ ಗೆದ್ದ ಉದಾಹರಣೆ ಇದೆಯಾ? ಇದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ನಮ್ಮ ಜಿಲ್ಲೆಗಳಿಗೆ ಇನ್ನೂ ಹತ್ತಿರದ್ದು ಕುದುರೆಮುಖ. ಅಲ್ಲಿನ ಕಬ್ಬಿಣದ ಗಣಿಯ 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿದರೂ ಕೆಲಸ ನಡೆಯುತ್ತಲೇ ಇತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅದೇ ಗೋದಾವರ್ಮನ್ ಪ್ರಕರಣದಲ್ಲಿ ಅರ್ಜಿ ಹಾಕಿದರು. 2002ರಲ್ಲಿ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಸರ್ಕಾರಿ ಕಂಪನಿಯ ಎದುರೇ ಇದು ಸಾಧ್ಯವಾಯಿತು ಅನ್ನೋದನ್ನು ಊರಿನ ಸಭೆಯಲ್ಲಿ ಹೇಳಿ.

ಅರ್ಜಿ ಕೊಟ್ಟರೂ ಯಾರೂ ಅಲ್ಲಾಡದಿದ್ದರೆ, ಅರಣ್ಯ ಸಂರಕ್ಷಣಾ ಕಾಯ್ದೆ ಮೀರಿದ ವಿಷಯವಾದರೆ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಬಹುದು. ಸಾಮಾನ್ಯವಾಗಿ ವಿವಾದಕ್ಕೆ ಮೊದಲು ಕಾರಣ ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು. ನೀವು ಯಾವಾಗ ದೂರು ಕೊಟ್ಟಿರಿ ಅನ್ನುವುದಕ್ಕೆ ಸೀಲು ಹಾಕಿಸಿಕೊಂಡ ಆ ಪ್ರತಿಗಳೇ ಆಧಾರ. ವಕೀಲರನ್ನು ನೋಡಲು ಹೋಗುವಾಗ ಪಹಣಿ, ಸುತ್ತಳತೆಯ ಪಟ್ಟಿ, ಫೋಟೊಗಳ ಜೊತೆ ಅವನ್ನೂ ಒಂದೇ ಫೈಲಿನಲ್ಲಿ ತೆಗೆದುಕೊಂಡು ಹೋಗಿ.