ಅಪ್ಪನ ಪದಕಗಳಲ್ಲಿ ಶೌರ್ಯದ್ದು ಯಾವುದು, ಸೇವೆಯದ್ದು ಯಾವುದು?

ಪ್ರಶ್ನೆ: ಅಪ್ಪ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದರು. ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೂ ಹೋಗಿದ್ದರು. ಟ್ರಂಕಿನಲ್ಲಿ ನಾಲ್ಕೈದು ಪದಕಗಳಿವೆ. ಅವುಗಳಲ್ಲಿ ಶೌರ್ಯಕ್ಕೆ ಸಿಕ್ಕಿದ್ದು ಇದೆಯೇ, ಗುರುತಿಸುವುದು ಹೇಗೆ? (ಬಸವಕಲ್ಯಾಣದ ಓದುಗರು)

ಉತ್ತರ: ಮೊದಲು ರಿಬ್ಬನ್ ನೋಡಿ. ತಿಳಿನೀಲಿ ಬಣ್ಣದ ಮೇಲೆ ಐದು ಸಣ್ಣ ಬಿಳಿ ಗೆರೆಗಳಿದ್ದರೆ ಅದು 1960ರಲ್ಲಿ ಸ್ಥಾಪಿಸಿದ ವಿದೇಶ ಸೇವಾ ಪದಕ. ರಿಬ್ಬನ್ನಿಗೆ ಕೂರಿಸಿದ ಲೋಹದ ಪಟ್ಟಿಯಲ್ಲಿ ದೇಶದ ಹೆಸರಿರುತ್ತದೆ. ಇದು ಹೊರದೇಶದಲ್ಲಿ ಸೇವೆ ಸಲ್ಲಿಸಿದ್ದಕ್ಕೆ ಕೊಡುವ ಪದಕ. ಸಿಪಾಯಿಗೂ ಕರ್ನಲ್‌ಗೂ ಒಂದೇ. ಶೌರ್ಯ ಪದಕ ಅಲ್ಲ.

ಶೌರ್ಯ ಪದಕಕ್ಕೆ ದೇಶ ಯಾವುದು ಎಂಬುದು ಲೆಕ್ಕಕ್ಕಿಲ್ಲ, ಎದುರಿಗೆ ಶತ್ರು ಇದ್ದನೇ ಎಂಬುದೇ ಮುಖ್ಯ. ಇದ್ದರೆ ಪರಮವೀರ, ಮಹಾವೀರ, ವೀರ ಚಕ್ರ. ಇಲ್ಲದಿದ್ದರೆ ಅಶೋಕ, ಕೀರ್ತಿ, ಶೌರ್ಯ ಚಕ್ರ. ಯುದ್ಧ ಘೋಷಣೆ ಆಗಿರಲೇಬೇಕು ಎಂದೇನೂ ಇಲ್ಲ. 1961ರ ಡಿಸೆಂಬರ್ 5ರಂದು ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಕಾಂಗೋದಲ್ಲಿ ಕಾದಾಡಿ ಮಡಿದರು, ಪರಮವೀರ ಚಕ್ರ ಬಂತು. 1987ರ ನವೆಂಬರ್ 25ರಂದು ಶ್ರೀಲಂಕಾದಲ್ಲಿ ಮಹಾರ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಎದೆಗೆ ಗುಂಡು ತಾಗಿದ ಮೇಲೂ ಎದುರಾಳಿಯ ರೈಫಲ್ ಕಸಿದು ಅವನನ್ನೇ ಹೊಡೆದರು. ಅವರಿಗೂ ಅದೇ ಗೌರವ. 2010ರ ಫೆಬ್ರುವರಿಯಲ್ಲಿ ಕಾಬೂಲ್‌ನ ಅತಿಥಿಗೃಹದ ಮೇಲೆ ದಾಳಿಯಾದಾಗ ಸೇನಾ ವೈದ್ಯ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಬರಿಗೈಯಲ್ಲಿ ಆತ್ಮಾಹುತಿ ದಾಳಿಕೋರನನ್ನು ತಬ್ಬಿಹಿಡಿದರು; ಅವರಿಗೆ ಸಂದದ್ದು ಅಶೋಕ ಚಕ್ರ.

ವೀರ ಚಕ್ರದ ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ಶೌರ್ಯ ಚಕ್ರದ್ದು ಹಸಿರು, ಅದರಲ್ಲಿ ಮೂರು ಕೇಸರಿ ಗೆರೆ. ಕೆಂಪು ರಿಬ್ಬನ್, ನಡುವೆ ಒಂದೇ ಬಿಳಿ ಗೆರೆ ಇದ್ದರೆ ಸೇನಾ ಪದಕ. ಬಹಳ ಮನೆಗಳವರು ಎಡವುವುದು ಇಲ್ಲೇ. ಸೇನಾ ಪದಕ ಶೌರ್ಯಕ್ಕೂ ಕೊಡುತ್ತಾರೆ, ವಿಶಿಷ್ಟ ಸೇವೆಗೂ ಕೊಡುತ್ತಾರೆ. ಪದಕ ನೋಡಿ ಯಾವುದೆಂದು ಹೇಳಲಾಗದು. ಭಾರತ ರಾಜಪತ್ರದ (ಗೆಜೆಟ್) ಪ್ರಕಟಣೆ ಅಥವಾ ಪ್ರಶಸ್ತಿ ಪತ್ರದ ಒಕ್ಕಣೆಯೇ ಆಧಾರ. ಶೌರ್ಯದ್ದಾದರೆ ತಿಂಗಳ ಭತ್ಯೆ ಉಂಟು, ನಿಮ್ಮ ತಾಯಿಗೂ ಸಲ್ಲುತ್ತದೆ. ಆದ್ದರಿಂದ ಈ ಕಾಗದ ಹುಡುಕದೆ ಬಿಡಬೇಡಿ.

ಕಾಗದ ಸಿಗದಿದ್ದರೆ ಸೇವಾ ಸಂಖ್ಯೆ ಹಿಡಿಯಿರಿ. ಅದು ‘ಐಸಿ’ ಅಥವಾ ‘ಎಸ್‌ಎಸ್’ ಎಂದು ಆರಂಭವಾದರೆ ಅಧಿಕಾರಿಯ ಸಂಖ್ಯೆ, ದಾಖಲೆ ದೆಹಲಿಯ ಸೇನಾ ಪ್ರಧಾನ ಕಚೇರಿಯಲ್ಲಿರುತ್ತದೆ. ಸಿಪಾಯಿ, ಹವಾಲ್ದಾರರ ದಾಖಲೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ: ಮರಾಠಾ ಲಘು ಪದಾತಿಗೆ ಬೆಳಗಾವಿ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಬೆಂಗಳೂರು. ತಪ್ಪು ಕಡೆ ಬರೆದರೆ ಅರ್ಜಿ ಅಲೆಯುತ್ತಲೇ ಇರುತ್ತದೆ. ಸೈನಿಕ ಕಲ್ಯಾಣ ಇಲಾಖೆಯ ಮೂಲಕ, ನಿವೃತ್ತಿ ಪತ್ರದ ನಕಲು ಇಟ್ಟು ಕಳಿಸಿ.

ಸಂಖ್ಯೆಯೂ ಗೊತ್ತಿಲ್ಲವೇ? ಪದಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ; ಹಲವು ಪದಕಗಳ ಅಂಚಿನಲ್ಲಿ ಸಂಖ್ಯೆ, ಹೆಸರು ಒತ್ತಿರುತ್ತಾರೆ. ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಆ ಅಕ್ಷರಗಳೇ ಸವೆಯುತ್ತವೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅಜ್ಜಂದಿರ ಕಾಲದ, ಎರಡನೇ ಮಹಾಯುದ್ಧದ ಆರು ಮೂಲೆಯ ನಕ್ಷತ್ರಾಕಾರದ ಪದಕಗಳೂ ಸಿಗಬಹುದು. 1941ರ ಡಿಸೆಂಬರಿನಲ್ಲಿ ಮಲಯದ (ಈಗಿನ ಮಲೇಷ್ಯಾ) ಕೋಟಾ ಬಾರು ವಿಮಾನ ನಿಲ್ದಾಣ ಕಾದವರಲ್ಲಿ ಹೈದರಾಬಾದ್ ಸಂಸ್ಥಾನದ ಪದಾತಿದಳವೂ ಇತ್ತು. ಆ ಯುದ್ಧಕ್ಕೆ ಕೊಟ್ಟದ್ದು ಪೆಸಿಫಿಕ್ ಸ್ಟಾರ್. ಭಾರತೀಯರಿಗೆ ಕೊಟ್ಟ ಈ ನಕ್ಷತ್ರಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ಹೆಸರು ಒತ್ತಿರುತ್ತಾರೆ, ಅದನ್ನು ನೋಡಿ; ಜೊತೆಗಿರುವ ಹಳೆಯ ಲಕೋಟೆ, ಚೀಟಿ ಯಾವುದನ್ನೂ ಎಸೆಯಬೇಡಿ.