ಕರಡಿಯ ಹೆಸರು ಎತ್ತಬಾರದು

ಸಂಸ್ಕೃತದಲ್ಲಿ ಕರಡಿಗೆ ಋಕ್ಷ. ಜಾಂಬವಂತ ಋಕ್ಷರಾಜ ಆಗಿದ್ದು ಅದಕ್ಕೇ. ಗ್ರೀಕಿನಲ್ಲಿ ಆರ್ಕ್ಟೋಸ್, ಲ್ಯಾಟಿನ್‌ನಲ್ಲಿ ಉರ್ಸುಸ್, ವೆಲ್ಷ್‌ನಲ್ಲಿ ಆರ್ಥ್. ಕಿವಿಗೆ ಬೇರೆ ಬೇರೆ ಅನ್ನಿಸಿದರೂ ಎಲ್ಲ ಒಂದೇ ಮನೆಯವು. ಯಾವ ಭಾಷೆಯಲ್ಲಿ ಯಾವ ಧ್ವನಿ ಹೇಗೆ ಬದಲಾಯಿತು ಅನ್ನುವುದಕ್ಕೆ ನಿಯಮಗಳಿವೆ, ಅವುಗಳನ್ನು ಹಿಡಿದು ಹಿಂದೆ ಹಿಂದೆ ಹೋದರೆ ಈ ಭಾಷೆಗಳೆಲ್ಲ ಹುಟ್ಟಿದ ಇಂಡೋ-ಯುರೋಪಿಯನ್ ಮೂಲ ಭಾಷೆಯ ಒಂದೇ ಪದ ಸಿಗುತ್ತದೆ. ಫ್ರೆಂಚರ ಊರ್ಸ್, ಇಟಲಿಯವರ ಓರ್ಸೊ ಎರಡೂ ಲ್ಯಾಟಿನ್‌ನಿಂದ ಬಂದವು. (ನಮ್ಮ ಕರಡಿ ಈ ಬಳಗದ್ದಲ್ಲ, ಅದು ಅಪ್ಪಟ ದ್ರಾವಿಡ ಪದ. ತಮಿಳಿನಲ್ಲೂ ಕರಡಿಯೇ.)

ಆದರೆ ಯುರೋಪಿನ ಉತ್ತರಕ್ಕೆ ಹೋದರೆ ಈ ಪದ ಮಾಯ! ಇಂಗ್ಲಿಷಿನವರು ಬೇರ್ ಅನ್ನುತ್ತಾರೆ, ಸ್ವೀಡನ್ನಿನವರು ಬ್ಯೋರ್ನ್, ರಷ್ಯದವರು ಮೆದ್ವೇದ್. ಅಲ್ಲಿ ಕರಡಿಗೇನು ಕೊರತೆ ಇರಲಿಲ್ಲ. ಮತ್ತೆ ಹಳೆಯ ಹೆಸರು ಎಲ್ಲಿ ಹೋಯಿತು?

ಫ್ರಾನ್ಸಿನ ಭಾಷಾವಿಜ್ಞಾನಿ ಆಂತ್ವಾನ್ ಮೆಯೆ 1906ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಕಾಡಿಗೆ ಬೇಟೆಗೆ ಹೋಗುವವರು ಕರಡಿಯ ನಿಜವಾದ ಹೆಸರು ಎತ್ತುತ್ತಿರಲಿಲ್ಲ, ಎತ್ತಿದರೆ ಅದು ಬಂದೇಬಿಡುತ್ತದೆ ಅನ್ನುವ ಭಯ, ಹಾಗಾಗಿ ಸುತ್ತಿ ಬಳಸಿ ಹೇಳುವ ಹೆಸರುಗಳು ಹುಟ್ಟಿಕೊಂಡು ಕೊನೆಗೆ ಅವೇ ಉಳಿದವು. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾವು ಅನ್ನದೆ ಹುಳ ಅನ್ನುವುದಿಲ್ಲವೇ, ಹಾಗೆ.

ರಷ್ಯನ್ ಪದವನ್ನೇ ಬಿಡಿಸಿ ನೋಡಿ. ಮೆದ್ ಅಂದರೆ ಜೇನು, ಸಂಸ್ಕೃತದ ಮಧು ಇದ್ದ ಹಾಗೆ. ಉಳಿದ ಭಾಗದಲ್ಲಿರುವುದು ತಿನ್ನು ಅನ್ನುವ ಅರ್ಥದ ಧಾತು, ಸಂಸ್ಕೃತದ ಅದ್. ಅಂದರೆ ಮೆದ್ವೇದ್ ಜೇನು ತಿನ್ನುವವನು. ಋಗ್ವೇದದಲ್ಲಿ ಮಧ್ವದಃ ಅಂತ ಹೆಚ್ಚುಕಡಿಮೆ ಇದೇ ಪದವಿದೆ, ಆದರೆ ಅಲ್ಲಿ ಅದು ಹಕ್ಕಿಗಳಿಗೆ. ತಮಾಷೆ ಏನೆಂದರೆ ಕಾಲ ಕಳೆದಂತೆ ರಷ್ಯದವರಿಗೆ ಮೆದ್ವೇದ್ ಕೂಡ ನಿಜ ಹೆಸರಿನಂತೆ ಕೇಳಿಸತೊಡಗಿತು, ಆಗ ಅದನ್ನೂ ಬಿಟ್ಟು ಯಜಮಾನ, ಸೊಟ್ಟಗಾಲ ಅಂತೆಲ್ಲ ಕರೆದರು. ಫಿನ್ನಿಷ್ ಭಾಷೆ ಈ ಕುಟುಂಬಕ್ಕೇ ಸೇರಿದ್ದಲ್ಲ, ಆದರೂ ಅಲ್ಲಿ ಕರಡಿಗೆ ಜೇನಂಗೈ ಅನ್ನುವ ಅರ್ಥದ ಹೆಸರಿದೆ. ಭಯಕ್ಕೆ ಭಾಷಾ ಕುಟುಂಬದ ಹಂಗಿಲ್ಲ ನೋಡಿ.

ಇಂಗ್ಲಿಷಿನ ಬೇರ್ ಬಗ್ಗೆ ಮಾತ್ರ ಒಮ್ಮತವಿಲ್ಲ. ಕಂದು ಬಣ್ಣದ್ದು ಅನ್ನುವುದೇ ಅದರ ಮೂಲ ಅರ್ಥ ಅಂತ ಬಹಳ ಜನ ಹೇಳುತ್ತಾರೆ. ಅಲ್ಲ, ಕಾಡುಪ್ರಾಣಿ ಅನ್ನುವ ಅರ್ಥದ್ದು ಅಂತ ಇನ್ನು ಕೆಲವರು. ಎರಡರಲ್ಲಿ ಯಾವುದಾದರೂ ಅದು ಸುತ್ತಿ ಬಳಸಿ ಹೇಳಿದ ಹೆಸರೇ, ಆದ್ದರಿಂದ ಮೆಯೆ ವಾದಕ್ಕೆ ಪೆಟ್ಟೇನೂ ಬೀಳುವುದಿಲ್ಲ. ನನಗೆ ಕಾಡುವ ಪ್ರಶ್ನೆ ಬೇರೆ. ಗ್ರೀಸ್, ಇಟಲಿಯ ಬೆಟ್ಟಗಳಲ್ಲೂ ಕರಡಿಗಳಿದ್ದವಲ್ಲ, ಅಲ್ಲಿ ಯಾರೂ ಯಾಕೆ ಹೆದರಲಿಲ್ಲ? ಉತ್ತರದವರ ಬದುಕಿನಲ್ಲಿ ಬೇಟೆಯ ಪಾಲು ಜಾಸ್ತಿ ಇತ್ತು ಅನ್ನುವುದು ಸರಿಯಾದ ಊಹೆ ಇರಬಹುದು, ಆದರೆ ಊಹೆಯೇ.

ಹಳೆಯ ಪದ ಆಕಾಶದಲ್ಲೂ ಇದೆ. ನಾವು ಸಪ್ತರ್ಷಿ ಅನ್ನುವ ನಕ್ಷತ್ರಗಳು ಗ್ರೀಕರಿಗೆ ದೊಡ್ಡ ಕರಡಿಯ ಭಾಗ. ಸಪ್ತರ್ಷಿಗಳನ್ನು ಹಿಂದೆ ಋಕ್ಷ ಅನ್ನುತ್ತಿದ್ದರು ಅಂತ ನಮ್ಮ ಶತಪಥ ಬ್ರಾಹ್ಮಣವೂ ಹೇಳುತ್ತದೆ. ಆ ಕರಡಿ ಕಾಣುವ ದಿಕ್ಕು ಉತ್ತರ, ಅದರಿಂದಲೇ ಆರ್ಕ್ಟಿಕ್ ಅನ್ನುವ ಹೆಸರು. ಹಿಮಕರಡಿಗಳಿಂದ ಬಂದದ್ದಲ್ಲ. ಅದರ ಎದುರು ದಿಕ್ಕಿನದು ಅಂಟಾರ್ಕ್ಟಿಕ್. ಅಲ್ಲಿ ಕರಡಿಯೇ ಇಲ್ಲದಿರುವುದು ಸುಮ್ನೆ ಕಾಕತಾಳೀಯ.